ಊರಿನ ಕರೆಂಟಿಗೆ ಒಗ್ಗುವ ರಾಸ್ಪ್‌ಬೆರಿ ಪೈ

ರಾಸ್ಪ್‌ಬೆರಿ ಪೈ ಮೇಲೆ ಲಿನಕ್ಸ್ ಹಾಕೋದು ಹೇಗೆ ಅಂತ ಹುಡುಕಿದರೆ ಬೇಕಾದಷ್ಟು ವಿಡಿಯೊ ಸಿಗ್ತವೆ. ಎಲ್ಲದರಲ್ಲೂ ಇಪ್ಪತ್ತು ನಿಮಿಷಕ್ಕೆ ಡೆಸ್ಕ್‌ಟಾಪ್ ಬರುತ್ತೆ, ಅಲ್ಲಿಗೆ ವಿಡಿಯೊ ಮುಗಿಯುತ್ತೆ. ಅದೇ ಪೈಯನ್ನ ಹಾನಗಲ್ಲಿನ ಒಂದು ಮನೆಯಲ್ಲೋ ಶಿಗ್ಗಾಂವಿಯ ಒಂದು ಅಂಗಡಿಯಲ್ಲೋ ಇಟ್ಟು ನೋಡಿ, ನಿಜವಾದ ಕೆಲಸ ಆಮೇಲೆ ಶುರುವಾಗುತ್ತೆ. ಕರೆಂಟ್ ಹೋಗುತ್ತೆ, ಮೆಮೊರಿ ಕಾರ್ಡ್ ಕೆಡುತ್ತೆ, ತಗಡಿನ ಶೆಡ್ಡಿನ ಕೆಳಗೆ ಬೋರ್ಡ್ ಕಾದು ಕೂರುತ್ತೆ. ಇಷ್ಟೆಲ್ಲ ದಾಟಿದ ಮೇಲೆ ಬರೋ ಪ್ರಶ್ನೆ: "ಎಲ್ಲಾ ಖರೆ, ಇದರಾಗ ನುಡಿ ಐತೇನು?"

ಇನ್‌ಸ್ಟಾಲ್ ಮಾಡೋದನ್ನ ಬೇಗ ಮುಗಿಸಿ, ಆಮೇಲಿನ ಈ ಕೆಲಸದ ಬಗ್ಗೆ ಬರೀತೀನಿ. ಈ ರಜೆಯಲ್ಲಿ ನಾವು ಮೂರು ಜನ ಕ್ಲಾಸ್‌ಮೇಟ್ಸ್ ಸೇರಿ ನಾಲ್ಕು ತಾಲೂಕಿನಲ್ಲಿ ನಾಲ್ಕು ಪೈ ಕೂರಿಸಿದೆವು. ಹಾನಗಲ್‌ನಲ್ಲಿ ಗೆಳೆಯನ ಮನೆಯಲ್ಲಿ, ಅವನ ತಂಗಿ ಪಿಯುಸಿ ಓದ್ತಾಳೆ. ಸವಣೂರಿನಲ್ಲಿ ಇನ್ನೊಬ್ಬ ಗೆಳೆಯನ ಕಾಕಾನ ಗೊಬ್ಬರದ ಅಂಗಡಿಯಲ್ಲಿ. ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ವಾಚನಾಲಯದಲ್ಲಿ. ನಾಲ್ಕನೇದು ಶಿಗ್ಗಾಂವಿಯಲ್ಲಿ, ನಮ್ಮ ಅತ್ತಿಯ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ. ಅತ್ತಿಯ ಹಳೆ ಡೆಸ್ಕ್‌ಟಾಪ್ ದಿನಕ್ಕೆರಡು ಸಲ ತಾನಾಗಿ ಆಫ್ ಆಗ್ತಿತ್ತು. ಅದರೊಳಗೆ ವರ್ಷಗಟ್ಟಲೆ ಟೈಪ್ ಮಾಡಿದ ವಾಟ್ನಿ ಪತ್ರ, ವಾರಸಾ ಅರ್ಜಿ, ಬಾಂಡ್ ಮಸೂದೆಗಳು ಇದ್ದವು. ಅದು ಪೂರ್ತಿ ಸಾಯೋದರೊಳಗೆ ಬೇರೆ ವ್ಯವಸ್ಥೆ ಆಗಬೇಕಿತ್ತು. ಹೊಸ ಕಂಪ್ಯೂಟರ್ ತಗೊಳ್ಳೋಕೆ ಈ ವರ್ಷ ಆಗೋದಿಲ್ಲ ಅಂತ ಅತ್ತಿ ಮೊದಲೇ ಹೇಳಿದ್ರು.

ಗೊತ್ತಿಲ್ಲದವರಿಗೆ ಎರಡು ಮಾತು. ರಾಸ್ಪ್‌ಬೆರಿ ಪೈ ಅಂದ್ರೆ ಹೆಚ್ಚುಕಮ್ಮಿ ಎಟಿಎಂ ಕಾರ್ಡಿನಷ್ಟೇ ಅಗಲದ ಒಂದು ಬೋರ್ಡಿನ ಕಂಪ್ಯೂಟರ್. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಮಕ್ಕಳು ಪ್ರೋಗ್ರಾಮಿಂಗ್ ಕಲೀಲಿ ಅಂತ ರೂಪಿಸಿದ್ದು. ಮೊದಲನೆಯದು ಮಾರಾಟಕ್ಕೆ ಬಂದಿದ್ದು 2012ರ ಫೆಬ್ರವರಿ 29ಕ್ಕೆ. ನಾವು ಬಳಸಿದ್ದು 2019ರಲ್ಲಿ ಬಂದ ಪೈ 4. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಯಾಕೆ ಬೇಡ ಅಂತ ಕೇಳಬಹುದು, ಸರಿಯಾದ ಪ್ರಶ್ನೆನೇ. ವೇಗ ಒಂದನ್ನೇ ನೋಡಿದರೆ ಹಳೆಯ ಐ3 ಡೆಸ್ಕ್‌ಟಾಪ್ ಕೂಡ ಪೈಗಿಂತ ಮೇಲೆ. ಪೈ ಗೆಲ್ಲೋದು ಇನ್ವರ್ಟರ್ ಲೆಕ್ಕದಲ್ಲಿ. ಹಳೆ ಡೆಸ್ಕ್‌ಟಾಪ್ ಮಾನಿಟರ್ ಸೇರಿ ಅಂದಾಜು 100 ವ್ಯಾಟ್ ತಿನ್ನುತ್ತೆ. ಪೈ 4 ಸಾಧಾರಣ ಕೆಲಸಕ್ಕೆ 3ರಿಂದ 6 ವ್ಯಾಟ್, ಸಣ್ಣ ಎಲ್ಇಡಿ ಮಾನಿಟರ್ 20 ಅಂತ ಹಿಡಿದ್ರೂ ಒಟ್ಟು 25 ವ್ಯಾಟ್ ಸುತ್ತಮುತ್ತ. ಅದೇ ಬ್ಯಾಟರಿ ನಾಲ್ಕು ಪಟ್ಟು ಹೊತ್ತು ಬರುತ್ತೆ. ಮಧ್ಯಾಹ್ನ ಕರೆಂಟ್ ಹೋದಾಗ ಅಂಗಡಿ ಬಾಗಿಲು ಹಾಕಬೇಕೋ ಬೇಡವೋ ಅನ್ನೋದನ್ನ ಈ ನಾಲ್ಕು ಪಟ್ಟು ತೀರ್ಮಾನ ಮಾಡುತ್ತೆ.

ಇನ್‌ಸ್ಟಾಲ್ ಮಾಡೋದು ಸುಲಭ. ಯಾವುದಾದರೂ ಲ್ಯಾಪ್‌ಟಾಪ್‌ನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಹಾಕಿಕೊಳ್ಳಿ. ಬೋರ್ಡ್ ಯಾವುದು, ಓಎಸ್ ಯಾವುದು, ಕಾರ್ಡ್ ಯಾವುದು ಅಂತ ಅದೇ ಕೇಳುತ್ತೆ. ಓಎಸ್ ಅಂದ್ರೆ 64 ಬಿಟ್ಟಿನ ರಾಸ್ಪ್‌ಬೆರಿ ಪೈ ಓಎಸ್, ಇದು ಡೆಬಿಯನ್ ಆಧರಿಸಿದ್ದು. ಬರೆಯೋ ಮೊದಲು ಸೆಟ್ಟಿಂಗ್ಸ್‌ನಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್, ವೈಫೈ, ಟೈಮ್ ಝೋನ್ ತುಂಬಿಬಿಡಿ. ಹಳೆ ಪಾಠಗಳಲ್ಲಿ ಬರೋ ‘ಪೈ’ ಅನ್ನೋ ರೆಡಿಮೇಡ್ ಯೂಸರ್ 2022ರಿಂದ ಇಲ್ಲ. ಪೈ 4ರಲ್ಲಿ ಎರಡು ಮೈಕ್ರೊ ಎಚ್‌ಡಿಎಂಐ ಕಿಂಡಿ ಇವೆ, ಪವರ್ ಕಿಂಡಿಗೆ ಹತ್ತಿರ ಇರೋದಕ್ಕೇ ಮಾನಿಟರ್ ಹಾಕಿ. ಕಾರ್ಡ್ ಮಾತ್ರ ನಂಬಿಕೆಯ ಅಂಗಡಿಯಲ್ಲಿ ತಗೊಳ್ಳಿ. ಮೇಲೆ 64 ಜಿಬಿ ಅಂತ ಬರೆದು ಒಳಗೆ 8 ಜಿಬಿ ಇರೋ ಕಾರ್ಡ್‌ಗಳು ಸಂತೆಯಲ್ಲಿ ಓಡಾಡ್ತವೆ. ಲಿನಕ್ಸ್‌ನಲ್ಲಿ ಎಫ್3 ಅನ್ನೋ ಸಣ್ಣ ಪ್ರೋಗ್ರಾಂ ಇದೆ, ಕಾರ್ಡ್ ತುಂಬಾ ಬರೆದು, ವಾಪಸ್ ಓದಿ ಸುಳ್ಳು ಹಿಡಿಯುತ್ತೆ. ಕೂರಿಸೋ ಮೊದಲು ಒಂದು ಸಲ ಓಡಿಸೋದು ಒಳ್ಳೇದು.

ಈಗ ಕರೆಂಟಿನ ವಿಷಯ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂದರೆ ನಮ್ಮ ಕಡೆ ಎಲ್ಲರೂ ಹೇಳೋದು ಒಂದೇ, "ನಮ್ಮೂರಾಗ ವೋಲ್ಟೇಜ್ ಕಮ್ಮಿ ಐತಿ ಬಿಡಪಾ." ಊರಿನ ವೋಲ್ಟೇಜಿಗೂ ಆ ಮಿಂಚಿಗೂ ಬಹುತೇಕ ಸಂಬಂಧ ಇರೋದಿಲ್ಲ. ಈಗಿನ ಅಡಾಪ್ಟರ್‌ಗಳು 100ರಿಂದ 240 ವೋಲ್ಟ್ ಒಳಗೆ ಎಷ್ಟು ಬಂದ್ರೂ ಈ ಕಡೆ 5 ವೋಲ್ಟೇ ಕೊಡ್ತವೆ. ಇಳಿಯೋದು ಕೇಬಲ್‌ನಲ್ಲಿ. ಫಸ್ಟ್ ಸೆಮ್‌ನಲ್ಲಿ ಕಲಿತ ಓಮನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತೆ. ತೆಳ್ಳನೆಯ ಮೊಬೈಲ್ ಕೇಬಲ್‌ನ ಹೋಗೋ ತಂತಿ, ಬರೋ ತಂತಿ ಎರಡೂ ಸೇರಿ 0.2 ಓಮ್ ಇದೆ ಅಂತ ಇಟ್ಕೊಳ್ಳಿ. ಪೆನ್‌ಡ್ರೈವ್, ಕೀಬೋರ್ಡ್ ಎಲ್ಲ ಚುಚ್ಚಿದ ಪೈ ಜೋರಾಗಿ ಕೆಲಸ ಮಾಡೋವಾಗ 2 ಆಂಪಿಯರ್ ಎಳೆದರೆ ದಾರಿಯಲ್ಲೇ 0.4 ವೋಲ್ಟ್ ಹೋಯ್ತು. 5ರಲ್ಲಿ 0.4 ಕಳೆದರೆ 4.6. ಪೈ ಮಿಂಚು ತೋರಿಸೋ ಗಡಿ 4.63. ಅದಕ್ಕೇ ಪೈ ಕಂಪನಿಯ ಅಡಾಪ್ಟರ್ ಮೇಲೆ 5 ಅಂತ ಇರೋದಿಲ್ಲ, 5.1 ವೋಲ್ಟ್, 3 ಆಂಪಿಯರ್ ಅಂತ ಇರುತ್ತೆ. ಅದೇ 0.4 ಕಳೆದ್ರೂ 4.7 ಉಳಿಯುತ್ತೆ. ಒಂದು ಹತ್ತಾಂಶ ವೋಲ್ಟ್ ಅಂತ ಪರೀಕ್ಷೆಯಲ್ಲಿ ರೌಂಡಾಫ್ ಮಾಡ್ತೀವಲ್ಲ, ಇಲ್ಲಿ ಇಡೀ ಮಷೀನು ಅದರ ಮೇಲೇ ನಿಂತಿದೆ.

"ನನ್ನ ಹತ್ರ ಫೋನಿಂದು 33 ವ್ಯಾಟ್ ಚಾರ್ಜರ್ ಐತಿ, ಸಾಕಾಗಂಗಿಲ್ಲೇನು?" ಅಂತ ಸವಣೂರಿನ ಕಾಕಾ ಕೇಳಿದ್ರು. ಆ ವ್ಯಾಟ್ ಬರೋದು ಚಾರ್ಜರು ಫೋನಿನ ಜೊತೆ ಮಾತಾಡಿ ವೋಲ್ಟೇಜ್ ಏರಿಸಿದಾಗ. ಪೈ 4 ಆ ಮಾತುಕತೆಗೆ ಹೋಗೋದೇ ಇಲ್ಲ, ಅದಕ್ಕೆ ಸಿಗೋದು 5 ವೋಲ್ಟ್ ಮಾತ್ರ. ಚಾರ್ಜರ್ ಮೇಲಿನ ಸಣ್ಣ ಅಕ್ಷರದಲ್ಲಿ 5 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಅಂತ ಬರೆದಿದೆಯೋ ಅದೇ ಲೆಕ್ಕ. ಪರೀಕ್ಷೆ ಮಾಡೋಕೆ ಟರ್ಮಿನಲ್‌ನಲ್ಲಿ ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಅನ್ನೋ ಕಮಾಂಡ್ ಇದೆ. ಉತ್ತರದ ಕೊನೆಗೆ ಬರೀ ಸೊನ್ನೆ ಬಂದರೆ ಆರಾಮ. 50000 ಅಂತ ಬಂದರೆ ಆನ್ ಆದಾಗಿನಿಂದ ಯಾವಾಗಲೋ ವೋಲ್ಟೇಜ್ ಬಿದ್ದು, ಪೈ ತನ್ನ ವೇಗ ತಾನೇ ಇಳಿಸಿಕೊಂಡಿದೆ ಅಂತ ಅರ್ಥ. 50005 ಆದರೆ ಈಗಲೂ ಅದೇ ಸ್ಥಿತಿ. ಪೈ ಸ್ಲೋ ಅಂತ ದೂರೋರು ಮೊದಲು ಈ ಕಮಾಂಡ್ ಓಡಿಸಿ, ಆಮೇಲೆ ಬೇರೆ ಟ್ಯೂನಿಂಗ್. ಓವರ್‌ಕ್ಲಾಕಿಂಗ್ ಪಾಠಗಳನ್ನಂತೂ ನಮ್ಮೂರ ಮಟ್ಟಿಗೆ ಮರೆತುಬಿಡಿ.

ಕರೆಂಟ್ ಪೂರ್ತಿ ಹೋದಾಗ ಆಗೋದು ಬೇರೆ ಕಥೆ. ಹಾನಗಲ್ ಮಲೆನಾಡಿನ ಸೆರಗು, ಮಳೆಗಾಲದಲ್ಲಿ ಗಾಳಿಗೊಂದು ಟೊಂಗೆ ಬಿದ್ದರೆ ಲೈನು ಹೋಯ್ತು. ಪೈಗೆ ಬ್ಯಾಟರಿ ಇಲ್ಲ, ಅದು ಆ ಕ್ಷಣವೇ ನಿಲ್ಲುತ್ತೆ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗೆ ಜರ್ನಲ್ ಇದೆಯಲ್ಲ, ಅದು ಕಾಪಾಡೋದಿಲ್ವಾ ಅಂತ ನಾನೂ ಕೇಳಿದ್ದೆ. ಜರ್ನಲ್ ಕಾಪಾಡೋದು ಲಿನಕ್ಸ್ ತನ್ನ ಕಣ್ಣಿಗೆ ಕಾಣೋ ಪಟ್ಟಿಯನ್ನ. ಕಾರ್ಡಿನ ಒಳಗೆ ಇನ್ನೊಂದು ಸಣ್ಣ ಕಂಟ್ರೋಲರ್ ಇರುತ್ತೆ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದ ಜಾಗದ ಮೇಲೆ ನೇರವಾಗಿ ತಿದ್ದಿ ಬರೆಯೋಕೆ ಬರೋದಿಲ್ಲ, ದೊಡ್ಡ ಬ್ಲಾಕನ್ನೇ ಅಳಿಸಿ ಬರೀಬೇಕು. ಹಾಗಾಗಿ ಕಂಟ್ರೋಲರ್ ಹೊಸ ಮಾಹಿತಿಯನ್ನ ಬೇರೆ ಜಾಗದಲ್ಲಿ ಬರೆದು, ಯಾವುದು ಎಲ್ಲಿದೆ ಅನ್ನೋ ನಕ್ಷೆ ತಿದ್ತಾ ಇರುತ್ತೆ. ನಕ್ಷೆ ತಿದ್ದುವಾಗ ಕರೆಂಟ್ ಹೋದರೆ ನಾವು ಮುಟ್ಟದೇ ಇದ್ದ ಫೈಲ್ ಕೂಡ ಕಾಣೆಯಾಗಬಹುದು. ಅದು ಲಿನಕ್ಸ್‌ಗೆ ಗೊತ್ತೂ ಆಗೋದಿಲ್ಲ.

ಅಂದಮೇಲೆ ಮದ್ದು ಒಂದೇ, ಕಾರ್ಡ್ ಮೇಲೆ ಬರೆಯೋದನ್ನೇ ಕಡಿಮೆ ಮಾಡೋದು. ಹಾನಗಲ್‌ನಲ್ಲಿ ಗೆಳೆಯನ ಕೆಟ್ಟ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಎಸ್‌ಎಸ್‌ಡಿ ಇತ್ತು. ಯುಎಸ್‌ಬಿ ಡಬ್ಬಿಗೆ ಹಾಕಿ, ನೀಲಿ ಕಿಂಡಿಗೆ ಚುಚ್ಚಿ, ಅದರಿಂದಲೇ ಬೂಟ್ ಮಾಡಿಸಿದೆವು. ಎಸ್‌ಎಸ್‌ಡಿ ಏನೂ ಅಮರ ಅಲ್ಲ, ಆದರೆ ಕಾರ್ಡಿಗಿಂತ ಗಟ್ಟಿ, ಮೇಲಾಗಿ ಎದ್ದು ಕಾಣುವಷ್ಟು ವೇಗ. ಇಡೀ ಟ್ಯೂನಿಂಗ್‌ನಲ್ಲಿ ವೇಗಕ್ಕೆ ನಿಜವಾಗಿ ಸಹಾಯ ಆಗಿದ್ದು ಇದೊಂದೇ. ಶಿಗ್ಗಾಂವಿ ಅಂಗಡಿಗೆ ಬೇರೆ ದಾರಿ ಹಿಡಿದೆವು. ಅಂಗಡಿ ಮುಚ್ಚುವಾಗ ಗೋಡೆಯ ಸ್ವಿಚ್ ಒತ್ತಿ ಹೊರಡೋದು ಅತ್ತಿಯ ಹತ್ತು ವರ್ಷದ ರೂಢಿ. ಶಟ್‌ಡೌನ್ ಮಾಡಿ ಆಮೇಲೆ ಸ್ವಿಚ್ ಆರಿಸಿ ಅಂತ ದಿನಾ ನೆನಪು ಮಾಡೋಕೆ ನಾನೇನು ಅಲ್ಲಿ ಇರ್ತೀನಾ? ಪೈಯ ಕಾನ್ಫಿಗ್ ಮೆನುವಿನಲ್ಲಿ (ಟರ್ಮಿನಲ್‌ನಲ್ಲಿ ‘ರಾಸ್ಪಿ-ಕಾನ್ಫಿಗ್’) ಪರ್ಫಾರ್ಮೆನ್ಸ್ ಅನ್ನೋದರ ಕೆಳಗೆ ಓವರ್‌ಲೇ ಫೈಲ್ ಸಿಸ್ಟಮ್ ಅಂತ ಇದೆ. ಅದನ್ನ ಆನ್ ಮಾಡಿದರೆ ಕಾರ್ಡ್ ಬರೀ ಓದೋಕೆ, ಬರೆಯೋದೆಲ್ಲ ರ‍್ಯಾಮ್‌ನಲ್ಲಿ. ಸ್ವಿಚ್ ಆರಿಸಿದರೆ ರ‍್ಯಾಮ್‌ನಲ್ಲಿದ್ದದ್ದು ಹೋಯ್ತು, ಕಾರ್ಡ್ ಇದ್ದ ಹಾಗೇ ಇರುತ್ತೆ. ಡಾಕ್ಯುಮೆಂಟ್‌ಗಳು ಉಳೀಬೇಕಲ್ಲ, ಅವಕ್ಕೆ ಬೇರೆ ಪೆನ್‌ಡ್ರೈವ್. ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿದ್ದು ಮರುದಿನ ಇರೋದಿಲ್ಲ, ಇದನ್ನ ಬಳಸೋರಿಗೆ ಎರಡು ಸಲ ಹೇಳಬೇಕು. ಏನಾದರೂ ಹೊಸದು ಇನ್‌ಸ್ಟಾಲ್ ಮಾಡೋದಿದ್ದರೆ ಓವರ್‌ಲೇ ಆಫ್ ಮಾಡಿ, ಕೆಲಸ ಮುಗಿಸಿ, ಮತ್ತೆ ಆನ್ ಮಾಡಿ. ಜೊತೆಗೆ ಲಿಬ್ರೆಆಫೀಸ್‌ನಲ್ಲಿ ಆಟೊರಿಕವರಿ ಹತ್ತು ನಿಮಿಷಕ್ಕೊಮ್ಮೆ ಅಂತ ಇರುತ್ತೆ, ಅದನ್ನ ಎರಡಕ್ಕೆ ಇಳಿಸಿ. ಆದರೆ ಓವರ್‌ಲೇ ಇದ್ದಾಗ ಆ ರಿಕವರಿ ಕೂಡ ರ‍್ಯಾಮ್‌ನಲ್ಲೇ ಇರುತ್ತೆ, ಹಾಗಾಗಿ ಅದರ ಜಾಗವನ್ನೂ ಪಾತ್ಸ್ ಸೆಟ್ಟಿಂಗ್‌ನಲ್ಲಿ ಪೆನ್‌ಡ್ರೈವ್‌ಗೆ ಬದಲಾಯಿಸಬೇಕು.

ಪವರ್‌ಬ್ಯಾಂಕ್ ಮಧ್ಯೆ ಇಟ್ಟರೆ ಯುಪಿಎಸ್ ಆಗೋದಿಲ್ವಾ ಅಂತ ಹಾನಗಲ್‌ನಲ್ಲಿ ನೋಡಿದೆವು. ಚಾರ್ಜಿಂಗ್ ಕೇಬಲ್ ಎಳೆದ ಕೂಡಲೇ ಕೆಲವು ಪವರ್‌ಬ್ಯಾಂಕ್ ಅರೆಕ್ಷಣ ಔಟ್‌ಪುಟ್ ನಿಲ್ಲಿಸಿ ಮತ್ತೆ ಕೊಡ್ತವೆ. ಫೋನಿಗೆ ಗೊತ್ತಾಗೋದಿಲ್ಲ, ಪೈ ರೀಬೂಟ್ ಆಗುತ್ತೆ. ತಗೊಳ್ಳೋ ಮೊದಲು ಅಂಗಡಿಯಲ್ಲೇ ಕೇಬಲ್ ಎಳೆದು ಪರೀಕ್ಷೆ ಮಾಡಿ.

ಇನ್ನೊಂದು ವಿಷಯ ವಿಡಿಯೊಗಳಲ್ಲಿ ಬರೋದೇ ಇಲ್ಲ, ಗಡಿಯಾರ. ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. (ಪೈ 5ರಲ್ಲಿ ಬ್ಯಾಟರಿಗೆ ಜಾಗ ಇದೆ.) ಆನ್ ಆದಾಗ ಇಂಟರ್ನೆಟ್ ಸಿಕ್ಕರೆ ಸರಿಯಾದ ಟೈಮ್ ತಗೊಳ್ಳುತ್ತೆ, ಇಲ್ಲದಿದ್ದರೆ ಹಿಂದಿನ ಸಲ ಎಲ್ಲಿಗೆ ಉಳಿಸಿತ್ತೋ ಅಲ್ಲಿಂದ ಮುಂದುವರಿಸುತ್ತೆ. ಓವರ್‌ಲೇ ಹಾಕಿದ ಮೇಲಂತೂ ಆ ಉಳಿಸಿದ ಟೈಮ್ ಕೂಡ ಮುಂದೆ ಹೋಗೋದಿಲ್ಲ. ಮನೆಯಲ್ಲಿ ನಡೆಯುತ್ತೆ. ಅರ್ಜಿ ಟೈಪ್ ಮಾಡೋ ಅಂಗಡಿಯಲ್ಲಿ ದಿನಾಂಕ ತಾನಾಗಿ ಬೀಳೋ ಫಾರ್ಮ್ಯಾಟ್ ಇದ್ದರೆ ಹೋದ ತಿಂಗಳ ತಾರೀಕಿನ ಅರ್ಜಿ ತಹಶೀಲ್ದಾರ್ ಕಚೇರಿಗೆ ಹೋಗುತ್ತೆ. ಡಿಎಸ್3231 ಅನ್ನೋ ಸಣ್ಣ ಮಾಡ್ಯೂಲ್ ಸಿಗುತ್ತೆ, ಪೈಯ 1, 3, 5, 9ನೇ ಪಿನ್ನಿಗೆ ಕೂರುತ್ತೆ. ಐ2ಸಿ ಆನ್ ಮಾಡಿ, ಕಾನ್ಫಿಗ್ ಫೈಲ್‌ನಲ್ಲಿ ಅದರ ಓವರ್‌ಲೇ ಸಾಲು ಸೇರಿಸಿ, ‘ಫೇಕ್-ಎಚ್‌ಡಬ್ಲ್ಯುಕ್ಲಾಕ್’ ಅನ್ನೋ ಪ್ಯಾಕೇಜ್ ತೆಗೆದುಹಾಕಿದರೆ ಆಯ್ತು. ಶಟ್‌ಡೌನ್ ಬಟನ್ ಕೂಡ ಹಾಕೋ ಆಸೆ ಇರೋರಿಗೆ ಒಂದು ಮಾತು: ಎಲ್ಲ ಪಾಠಗಳಲ್ಲೂ ಬಟನ್ನನ್ನ 5ನೇ ಪಿನ್ನಿಗೇ ಹಾಕಿಸ್ತಾರೆ. ಅಲ್ಲಿ ಈಗ ಗಡಿಯಾರ ಕೂತಿದೆ. ಜಿಪಿಐಒ 17, ಅಂದ್ರೆ 11ನೇ ಪಿನ್ನು, ಮತ್ತು 14ನೇ ಪಿನ್ನಿನ ಗ್ರೌಂಡ್ ಬಳಸಿ.

ಬಿಸಿಲಿನ ವಿಷಯ ಜಾಸ್ತಿ ಇಲ್ಲ. ಚಿಪ್ 80 ಡಿಗ್ರಿ ಮುಟ್ಟಿದರೆ ಪೈ ವೇಗ ಇಳಿಸಿಕೊಳ್ಳುತ್ತೆ. ಸವಣೂರಿನ ಗೊಬ್ಬರದ ಅಂಗಡಿ ತಗಡಿನ ಶೆಡ್ಡು, ಬೇಸಿಗೆ ಮಧ್ಯಾಹ್ನ ಅಲ್ಲಿ ಮನುಷ್ಯರೇ ವೇಗ ಇಳಿಸಿಕೊಳ್ತಾರೆ. ಫ್ಯಾನ್ ಹಾಕಿದರೆ ಗೊಬ್ಬರದ ಧೂಳು ಎಳೆದುಕೊಳ್ಳುತ್ತೆ ಅಂತ, ಇಡೀ ಡಬ್ಬಿಯೇ ಅಲ್ಯೂಮಿನಿಯಂ ಹೀಟ್‌ಸಿಂಕ್ ಆಗಿರೋ ಕೇಸ್ ಹಾಕಿದೆವು. ರ‍್ಯಾಮ್ ಕಡಿಮೆ ಇರೋರು ಝಡ್‌ರ‍್ಯಾಮ್ ಹಾಕಿಕೊಳ್ಳಿ. ಅದು ರ‍್ಯಾಮ್‌ನ ಒಂದು ಭಾಗವನ್ನೇ ಒತ್ತಿ ಮಡಚಿ ಸ್ವ್ಯಾಪ್ ಥರ ಬಳಸುತ್ತೆ, ಕಾರ್ಡ್ ಮೇಲಿನ ಬರಹವೂ ತಪ್ಪುತ್ತೆ. ಹೊಸ ಆವೃತ್ತಿಗಳಲ್ಲಿ ಅದು ಮೊದಲೇ ಇರುತ್ತೆ.

ಇನ್ನು ಕನ್ನಡ. ಹೊಸ ಪೈ ಓಎಸ್‌ನಲ್ಲಿ ಕನ್ನಡದ ಜಾಗದಲ್ಲಿ ಚೌಕ ಚೌಕ ಕಂಡರೆ ಫಾಂಟ್ ಇಲ್ಲ ಅಂತ. ಪ್ರಿಫರೆನ್ಸಸ್ ಮೆನುವಿನ ಆ್ಯಡ್-ರಿಮೂವ್ ಸಾಫ್ಟ್‌ವೇರ್ ತೆಗೆದು ‘ಫಾಂಟ್ಸ್-ಕೆಎನ್‌ಡಿಎ’ ಅಂತ ಹುಡುಕಿ. ಅದೊಂದರಲ್ಲೇ ಲೋಹಿತ್, ನವಿಲು ಫಾಂಟ್‌ಗಳು ಬರ್ತವೆ. ಗುಬ್ಬಿ ಅನ್ನೋ ಚಂದದ ಫಾಂಟ್ ಕೂಡ ಡೆಬಿಯನ್‌ನಲ್ಲಿದೆ. ಟೈಪ್ ಮಾಡೋಕೆ ‘ಐಬಸ್-ಎಂ17ಎನ್’ ಹಾಕಿ, ಲಾಗೌಟ್ ಆಗಿ ಬಂದು, ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅನ್ನೋದನ್ನ ಆರಿಸಿ. ಹೊಸ ಓಎಸ್‌ನಲ್ಲಿ ಪರದೆಯ ವ್ಯವಸ್ಥೆ ವೇಲ್ಯಾಂಡ್, ಐಬಸ್ ಅದರಲ್ಲಿ ಹಟ ಮಾಡಿದರೆ ರಾಸ್ಪಿ-ಕಾನ್ಫಿಗ್‌ನ ಅಡ್ವಾನ್ಸ್ಡ್ ಮೆನುವಿನಿಂದ ಎಕ್ಸ್11ಗೆ ಬದಲಾಯಿಸಿ. ಈ ಕೆಜಿಪಿ ಅಂದ್ರೆ ಕಗಪ, ನುಡಿ ಬಳಸೋರ ಬೆರಳಿಗೆ ಕೂತಿರೋ ಅದೇ ಕೀಲಿಮಣೆ, ಮೂಲದಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸ. ಅತ್ತಿ ಕೂತು ಒಂದು ವಾರಸಾ ಅರ್ಜಿಯ ಮೊದಲ ಪ್ಯಾರಾ ಸರಸರ ಹೊಡೆದು, "ಅಯ್ಯ, ಇದು ನಮ್ಮ ನುಡೀನ ಐತಲೋ" ಅಂದ್ರು. ಬೇರೆ ಯಾವ ಟ್ಯೂನಿಂಗ್‌ಗೂ ಅವರು ಇಷ್ಟು ಖುಷಿ ಪಟ್ಟಿಲ್ಲ.

ಕಷ್ಟ ಬಂದಿದ್ದು ಹಳೆ ಫೈಲ್‌ಗಳಲ್ಲಿ. ತೆಗೆದರೆ ಒಂದೂ ಕನ್ನಡ ಅಕ್ಷರ ಇಲ್ಲ. ಪೌಂಡಿನ ಗುರುತು, ತಲೆ ಮೇಲೆ ಕೊಕ್ಕೆ ಇರೋ ಇಂಗ್ಲಿಷ್ ಎ, ಬರೀ ಕಸ. ಹಾಳಾಗಿಲ್ಲ, ಅವು ಬರೆದಿದ್ದೇ ಹಾಗೆ. ಹಳೆ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ್ವು. ‘ಕ’ ಬರೀಬೇಕಂದ್ರೆ ಅಕ್ಷರದ ಮೈ ಒಂದು ಮನೆಯಿಂದ, ತಲೆಕಟ್ಟು ಇನ್ನೊಂದು ಮನೆಯಿಂದ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ, ಫಾಂಟ್ ಇದ್ದರೆ ಮಾತ್ರ ಕನ್ನಡದ ವೇಷ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ 128 ಮನೆಗಳಿವೆ, ‘ಕ’ ಯಾವಾಗಲೂ 3221. ‘ಶಿಗ್ಗಾಂವಿ’ ಅಂತ ಬರೆದರೆ ಕಣ್ಣಿಗೆ ಮೂರು ಅಕ್ಷರ, ಒಳಗೆ ಒಂಬತ್ತು ಸಂಖ್ಯೆ: ಶ, ಗುಡಿಸು, ಗ, ವಿರಾಮ, ಗ, ದೀರ್ಘ, ಅನುಸ್ವಾರ, ವ, ಗುಡಿಸು. ಅವನ್ನ ಜೋಡಿಸಿ ಒತ್ತಕ್ಷರ ಮಾಡಿ ತೋರಿಸೋದು ಮಾತ್ರ ಫಾಂಟಿನ ಕೆಲಸ. ಫಾಂಟ್ ಹೋದರೂ ಅಕ್ಷರ ಉಳಿಯುತ್ತೆ.

ಪರಿವರ್ತಕಗಳಿವೆ. ಅರವಿಂದ ವಿ.ಕೆ. ಅವರು ಮಾಡಿರೋದು ಬ್ರೌಸರ್‌ನಲ್ಲೇ ಓಡುತ್ತೆ. ಆದರೆ ಕಣ್ಣುಮುಚ್ಚಿ ನಂಬೋ ಹಾಗಿಲ್ಲ, ಅದು ಪರಿವರ್ತಕದ ದೋಷವೂ ಅಲ್ಲ. ಕನ್ನಡದ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ, ಕಾಪಿ ಮಾಡಿ ಅಂಟಿಸಿದಾಗ ಫಾಂಟಿನ ಗುರುತು ಹೋಗಿ ಅದನ್ನೂ ನುಡಿ ಅಂತಲೇ ತಿಳಿದು ತಿರುಗಿಸುತ್ತೆ. ವಾಟ್ನಿ ಪತ್ರದಲ್ಲಿ ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ಹೆಸರುಗಳು ಇರ್ತವೆ. ಅಲ್ಲಿ ಒಂದು ಅಕ್ಷರ ಆಚೀಚೆ ಆದರೆ ಅಣ್ಣತಮ್ಮಂದಿರ ಜಗಳಕ್ಕೆ ನಾವೇ ಎಣ್ಣೆ ಹೊಯ್ದ ಹಾಗೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತಿರುಗಿಸೋ ಯೋಚನೆ ಬಿಟ್ಟೆವು. ಹಳೆ ಫೋಲ್ಡರ್ ಇದ್ದ ಹಾಗೇ ಎರಡು ಕಡೆ ಕಾಪಿ. ಮುಖ್ಯ ಮಸೂದೆಗಳನ್ನ ಹಳೆ ಮಷೀನ್ ಬದುಕಿರುವಾಗಲೇ ಪಿಡಿಎಫ್ ಮಾಡಿ ಇಟ್ಟೆವು, ಪಿಡಿಎಫ್ ಒಳಗೆ ಫಾಂಟ್ ಜೊತೆಗೇ ಹೋಗುತ್ತೆ. ಖಾಲಿ ಫಾರ್ಮ್ಯಾಟ್‌ಗಳನ್ನ ಮಾತ್ರ ಯೂನಿಕೋಡ್‌ಗೆ ತಿರುಗಿಸಿ, ಅತ್ತಿ ಓದ್ತಾ ನಾನು ತಿದ್ತಾ ಎರಡು ಸಂಜೆ ಕೂತೆವು. ನಿಮ್ಮ ಮನೆಯಲ್ಲೂ ನುಡಿ ಫೈಲ್‌ಗಳಿದ್ದರೆ ಮೊದಲು ಪಿಡಿಎಫ್ ಮಾಡಿಡಿ. ಪೈ ಆಮೇಲೆ ತಗೊಂಡ್ರೂ ಆಗುತ್ತೆ.

ಹಿರೇಕೆರೂರು ಕಡೆಯ ವಾಚನಾಲಯದಲ್ಲಿ ಟೈಪಿಂಗ್ ಬೇಕಿರಲಿಲ್ಲ, ನೆಟ್ಟೂ ಸರಿ ಇರಲಿಲ್ಲ. ಅಲ್ಲಿ ಕಿವಿಕ್ಸ್ ಹಾಕಿ, ಕನ್ನಡ ವಿಕಿಪೀಡಿಯವನ್ನ ಪೂರ್ತಿ ಒಂದು ಪೆನ್‌ಡ್ರೈವ್‌ನಲ್ಲಿ ಕೊಟ್ಟೆವು. ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನ, ನೆಟ್ ಇಲ್ಲದೇ ಓದಬಹುದು. ಹುಡುಗರು ಮೊದಲು ಹುಡುಕಿದ್ದು ಸರ್ವಜ್ಞನನ್ನ, ತಮ್ಮ ತಾಲೂಕಿನವನು ಅಂತ. ಮೆನು ಇಂಗ್ಲಿಷ್‌ನಲ್ಲಿದೆ, ಮಕ್ಕಳು ಹೇಗೆ ಬಳಸ್ತಾರೆ ಅಂತ ಅಲ್ಲಿನ ಹಿರಿಯರೊಬ್ಬರು ಕೇಳಿದ್ರು. ಕೇರಳದ ಕೈಟ್ ಸಂಸ್ಥೆ ಅಲ್ಲಿನ ಶಾಲೆಗಳಿಗೆ ಉಬುಂಟು ಆಧರಿಸಿದ ತನ್ನದೇ ಲಿನಕ್ಸ್ ಕೊಡುತ್ತೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲೀತಾರೆ, ಲಿನಕ್ಸ್ ಕಷ್ಟ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಪೈಯಿಂದ ಆಗದ್ದನ್ನೂ ಹೇಳಬೇಕು. ಬೆರಳಚ್ಚು ತಗೊಳ್ಳೋ ಆಧಾರ್ ಕೆಲಸ ಇದರಲ್ಲಿ ಬೇಡ, ಆ ಯಂತ್ರಗಳ ಸಾಫ್ಟ್‌ವೇರ್ ಸಾಮಾನ್ಯವಾಗಿ ವಿಂಡೋಸ್ ಅಥವಾ ಆ್ಯಂಡ್ರಾಯ್ಡ್‌ಗೆ. ಪ್ರಿಂಟರ್ ಇನ್ನೊಂದು ಗಂಡಾಂತರ. ಲಿನಕ್ಸ್ ಡ್ರೈವರ್ ಇದೆ ಅಂತ ಕಂಪನಿ ಹೇಳಿದ್ರೂ ಅದು ಇಂಟೆಲ್ ಥರದ ಪ್ರೊಸೆಸರ್‌ಗೆ ಮಾತ್ರ ಇರಬಹುದು, ಪೈ ಎಆರ್‌ಎಂ. ಅತ್ತಿಯ ಲೇಸರ್ ಪ್ರಿಂಟರ್ ಆ ಜಾತಿಯದ್ದೇ. ಸದ್ಯಕ್ಕೆ ಪೈಯಲ್ಲಿ ಪಿಡಿಎಫ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಹಳೆ ಮಷೀನಿಗೆ ಒಯ್ದು ಪ್ರಿಂಟ್ ತೆಗೀತಾರೆ. ಹಳೆ ಮಷೀನ್ ಹೋದ ದಿನ ಪ್ರಿಂಟರ್ ಕೂಡ ಬದಲಾಗಬೇಕು, ಅದನ್ನ ಅವರಿಗೆ ಮುಂಚೆಯೇ ಹೇಳಿದ್ದೇವೆ. ನೀವು ಯಾರಿಗಾದರೂ ಪೈ ಕೂರಿಸೋದಿದ್ದರೆ ಮೊದಲು ಅವರ ಪ್ರಿಂಟರಿನ ಮಾಡೆಲ್ ನಂಬರ್ ಬರ್ಕೊಳ್ಳಿ.

ಎಲ್ಲ ಸರಿ ಕೂತ ಮೇಲೆ, ಓವರ್‌ಲೇ ಆನ್ ಮಾಡೋ ಮೊದಲು, ಆ್ಯಕ್ಸೆಸರೀಸ್ ಮೆನುವಿನಲ್ಲಿ ಎಸ್‌ಡಿ ಕಾರ್ಡ್ ಕಾಪಿಯರ್ ಅಂತ ಇದೆ, ಕಾರ್ಡ್ ರೀಡರ್‌ನಲ್ಲಿ ಇನ್ನೊಂದು ಕಾರ್ಡ್ ಇಟ್ಟು ಪೂರ್ತಿ ನಕಲು ತೆಗೀರಿ. ಶಿಗ್ಗಾಂವಿಯಲ್ಲಿ ಆ ಎರಡನೇ ಕಾರ್ಡನ್ನ ಸಣ್ಣ ಕವರ್‌ಗೆ ಹಾಕಿ ಮಾನಿಟರ್ ಹಿಂದೆ ಟೇಪ್ ಹಚ್ಚಿದ್ದೇವೆ. ಮೇಲೆ ಅತ್ತಿಯ ಕೈಬರಹ: "ಚಾಲೂ ಆಗಲಿಲ್ಲಂದ್ರ ಇದು ಹಾಕೂದು. ಉದ್ದನ ಕಡ್ಡಿ ಮುಂದ, ಹೊಳೆಯೂ ಭಾಗ ಬೋರ್ಡ್ ಕಡೆ."